ಹತ್ತುವ ಮುಂಚೆ ಇಳಿಯುವ ದಾರಿ ನೋಡಿ: ಸ್ಕೀಯಿಂಗ್‌ನಲ್ಲಿ ಹೊಸಬರು ಟ್ರೇಲ್ ಆರಿಸಿಕೊಳ್ಳುವುದು ಹೇಗೆ?

(ಪಾಡ್‌ಕಾಸ್ಟ್‌ನ ಅಕ್ಷರರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ಇವತ್ತಿನ ವಿಷಯ ಸ್ಕೀಯಿಂಗ್. ಬೆಂಗಳೂರಲ್ಲಿ ಕೂತು ಹಿಮದ ಮಾತು ಯಾಕಪ್ಪಾ ಅಂತ ನೀವು ಕೇಳಬಹುದು. ಕಾರಣ ಇದೆ. ನಮ್ಮ ಕೇಳುಗರಲ್ಲಿ ಎಷ್ಟೋ ಜನರ ಮಕ್ಕಳು, ಅಕ್ಕತಂಗಿಯರು ಅಮೆರಿಕದಲ್ಲಿದ್ದಾರೆ. ಚಳಿಗಾಲದಲ್ಲಿ ಅವರ ಮನೆಗೆ ಹೋದರೆ ಒಂದು ಶನಿವಾರ, ಭಾನುವಾರ ಹಿಮದ ಬೆಟ್ಟಕ್ಕೆ ಕರ್ಕೊಂಡು ಹೋಗೇ ಹೋಗ್ತಾರೆ. ಅಲ್ಲಿ ಕಾಲಿಗೆ ಎರಡು ಉದ್ದದ ಪಟ್ಟಿ ಸಿಕ್ಕಿಸಿಕೊಂಡು ನಿಂತಾಗ ಬರುವ ಮೊದಲ ಪ್ರಶ್ನೆ: ಯಾವ ದಾರಿಯಲ್ಲಿ ಇಳಿಯೋದು? ಈ ದಾರಿಗಳಿಗೇ ಟ್ರೇಲ್ ಅಂತಾರೆ. ಒಂದೊಂದು ಬೆಟ್ಟದಲ್ಲಿ ಇಂಥವು ಹತ್ತಾರು, ಕೆಲವು ಕಡೆ ನೂರಕ್ಕೂ ಹೆಚ್ಚು ಇರುತ್ತವೆ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ಅಕ್ಕ ಭಾವ ಇರೋದು ಡೆನ್ವರ್‌ನಲ್ಲಿ. ನಾನು ಸ್ಕೀ ಕಲಿಯೋಕೆ ಶುರು ಮಾಡಿ ಅವತ್ತಿಗೆ ಎರಡನೇ ದಿನ. ಮಧ್ಯಾಹ್ನ ಊಟ ಆದ ಮೇಲೆ ಭಾವ ಅಂದರು, ‘ಇಲ್ಲೇ ಎಷ್ಟು ಹೊತ್ತು ಉರುಳಾಡ್ತೀಯ? ಮೇಲಕ್ಕೆ ಬಾ. ಬರೀ ನೀಲಿ ಟ್ರೇಲ್ ಕಣೋ, ಆರಾಮಾಗಿ ಇಳೀಬಹುದು.’ ಜೊತೆಯಲ್ಲಿ ಅಕ್ಕನ ಮಗಳು, ಎಂಟು ವರ್ಷದವಳು, ಆಗಲೇ ಲಿಫ್ಟ್ ಸಾಲಿನಲ್ಲಿ ನಿಂತಿದ್ದಳು. ಅವಳ ಮುಂದೆ ‘ನನಗೆ ಭಯ’ ಅನ್ನೋಕೆ ಬಾಯಿ ಬರಲಿಲ್ಲ. ಹತ್ತಿಬಿಟ್ಟೆ.

ಮೊದಲರ್ಧ ದಾರಿ ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಒಂದು ತಿರುವು. ತಿರುವಿನಾಚೆ ಇಳಿಜಾರು ಇದ್ದಕ್ಕಿದ್ದಂತೆ ಕಡಿದಾಯಿತು. ಬೆಳಗಿನಿಂದ ನೂರಾರು ಜನ ಇಳಿದು ಅಲ್ಲಿನ ಹಿಮ ಸವೆದು ಗಾಜಿನ ಥರ ಆಗಿತ್ತು. ಎರಡೂ ಪಕ್ಕದಲ್ಲಿ ಜನ ಸುಯ್ ಅಂತ ಹೋಗ್ತಿದ್ದಾರೆ. ನಾನು ಮೂರು ಸಲ ಬಿದ್ದೆ. ಮೂರನೇ ಸಲ ಮಂಡಿ ತಿರುಚಿಕೊಂಡಿತು. ಕೊನೆಗೆ ಆ ಹುಡುಗಿ ಪಕ್ಕದಲ್ಲಿ ನಿಂತು, ‘ಮಾಮಾ, ಕೂತ್ಕೊಂಡೇ ಬಾ, ಯಾರೂ ನಗಲ್ಲ’ ಅಂದಳು. ಕೂತ್ಕೊಂಡೇ ಬಂದೆ. ಮೂಳೆ ಮುರಿಯಲಿಲ್ಲ ಅನ್ನೋದೇ ಪುಣ್ಯ. ಉಳಿದ ರಜೆಯೆಲ್ಲ ಸೋಫಾ ಮೇಲೆ ಕಳೆದೆ.

ಆಮೇಲೆ ಅದೇ ಬೆಟ್ಟಕ್ಕೆ, ಬೇರೆ ಬೆಟ್ಟಗಳಿಗೆ ಹೋಗಿದ್ದೀನಿ, ತರಬೇತುದಾರರ ಹತ್ತಿರ ಕಲಿತಿದ್ದೀನಿ. ಅವತ್ತು ಲಿಫ್ಟ್ ಹತ್ತುವ ಮುಂಚೆ ನಾನು ಕೇಳಬೇಕಾಗಿದ್ದ ಪ್ರಶ್ನೆ ಯಾವುದು ಅಂತ ಈಗ ಗೊತ್ತು. ಈ ಟ್ರೇಲ್‌ನಲ್ಲಿ ಅತಿ ಕಷ್ಟದ ಜಾಗ ಯಾವುದು? ಅದು ನನ್ನ ಕೈಲಿ ಆಗದಿದ್ದರೆ ಬೇರೆ ದಾರಿ ಇದೆಯಾ? ಇವತ್ತಿನ ಸಂಚಿಕೆ ಪೂರ್ತಿ ಈ ಪ್ರಶ್ನೆಯ ಸುತ್ತಲೇ.

ಬಣ್ಣ ಏನು ಹೇಳುತ್ತೆ, ಏನು ಹೇಳಲ್ಲ

ಅಮೆರಿಕ ಮತ್ತು ಕೆನಡಾದಲ್ಲಿ ಟ್ರೇಲ್‌ಗಳಿಗೆ ಗುರುತು ಹಾಕಿರುತ್ತಾರೆ. ಹಸಿರು ವೃತ್ತ ಅಂದರೆ ಸುಲಭ. ನೀಲಿ ಚೌಕ ಅಂದರೆ ಮಧ್ಯಮ. ಕಪ್ಪು ವಜ್ರ ಅಂದರೆ ಕಷ್ಟ. ಎರಡು ಕಪ್ಪು ವಜ್ರ ಕಂಡರೆ ಅದು ಪಳಗಿದವರಿಗೆ ಮಾತ್ರ.

ಇದರಲ್ಲಿ ಎಲ್ಲರೂ ಎಡವೋ ಒಂದು ವಿಷಯ ಇದೆ. ಈ ಬಣ್ಣ ಆ ಬೆಟ್ಟದ ಮಟ್ಟಿಗೆ ಮಾತ್ರ ಸತ್ಯ. ನೀಲಿ ಅಂದರೆ ‘ಇದೇ ಬೆಟ್ಟದ ಉಳಿದ ಟ್ರೇಲ್‌ಗಳಿಗೆ ಹೋಲಿಸಿದರೆ ಮಧ್ಯಮ’ ಅಂತ ಅರ್ಥ. ಗುರುತು ಹಾಕುವುದು ಆಯಾ ರೆಸಾರ್ಟ್‌ನವರೇ. ನಮ್ಮ ಹೋಟೆಲುಗಳ ಖಾರದ ಹಾಗೆ ಅಂದ್ಕೊಳ್ಳಿ. ಉಡುಪಿ ಹೋಟೆಲಿನಲ್ಲಿ ‘ಖಾರ ಕಮ್ಮಿ’ ಅನ್ನೋದೂ, ವಿಜಯಪುರದ ಖಾನಾವಳಿಯಲ್ಲಿ ‘ಖಾರ ಕಮ್ಮಿ’ ಅನ್ನೋದೂ ಒಂದೇನಾ? ಹಾಗೇ, ಸಣ್ಣ ಗುಡ್ಡದ ಒಂದು ಕಪ್ಪು ಟ್ರೇಲ್ ದೊಡ್ಡ ಪರ್ವತದಲ್ಲಿ ನೀಲಿ ಅನ್ನಿಸಿಕೊಳ್ಳಬಹುದು. ಹೊಸ ಬೆಟ್ಟಕ್ಕೆ ಹೋದಾಗ, ಹಿಂದಿನ ಸಲ ಇಳಿದಿದ್ದಕ್ಕಿಂತ ಒಂದು ಬಣ್ಣ ಕೆಳಗಿನಿಂದ ಶುರು ಮಾಡಿ. ಅಲ್ಲಿನ ಹಸಿರು ಹೇಗಿದೆ ಅಂತ ಗೊತ್ತಾದರೆ ನೀಲಿ ಹೇಗಿರುತ್ತೆ ಅನ್ನೋ ಅಂದಾಜು ಸಿಗುತ್ತೆ.

ದೇಶ ಬದಲಾದರೆ ಬಣ್ಣದ ಲೆಕ್ಕವೇ ಬದಲು. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಇಟಲಿಯಲ್ಲಿ ನೀಲಿ ಅಂದರೇ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಫ್ರಾನ್ಸ್‌ನಲ್ಲಿ ನೀಲಿಗಿಂತ ಕೆಳಗೆ ಹಸಿರೂ ಇದೆ. ಜಪಾನ್‌ನಲ್ಲಿ ಹಸಿರು, ಕೆಂಪು, ಕಪ್ಪು.

ಕಡಿದು ಅಂದರೆ ಎಷ್ಟು ಕಡಿದು?

ಇಳಿಜಾರನ್ನು ಶೇಕಡಾವಾರಿನಲ್ಲಿ ಅಳೆಯುತ್ತಾರೆ. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 25 ಮೀಟರ್ ಕೆಳಗಿಳಿದರೆ ಅದು ಶೇ 25. ಶೇ 100 ಅಂದರೆ 45 ಡಿಗ್ರಿ. ಅಮೆರಿಕದಲ್ಲಿ ಹಸಿರು ಸಾಮಾನ್ಯವಾಗಿ ಶೇ 25ರ ಒಳಗೆ, ನೀಲಿ ಶೇ 25ರಿಂದ 40, ಅದಕ್ಕಿಂತ ಮೇಲಿನದು ಕಪ್ಪು ಅನ್ನೋದು ಒಂದು ಸ್ಥೂಲ ಅಂದಾಜು. ಶೇ 40 ಅಂದರೆ ಸುಮಾರು 22 ಡಿಗ್ರಿ. ಕಾಗದದ ಮೇಲೆ ಬರೆದರೆ ಏನೂ ಅನ್ನಿಸಲ್ಲ. ಮೇಲೆ ನಿಂತು ಕೆಳಗೆ ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತೆ.

ಇಲ್ಲಿ ಸರಾಸರಿ ನಂಬಬೇಡಿ. ಆಗುಂಬೆ ಘಾಟಿ ನೆನಪು ಮಾಡ್ಕೊಳ್ಳಿ. ಶಿವಮೊಗ್ಗದಿಂದ ಉಡುಪಿಗೆ ಹೋಗುವ ರಸ್ತೆ ಸರಾಸರಿಯಲ್ಲಿ ಸಲೀಸು. ಆದರೆ ಕಾರು ಓಡಿಸೋದು ಕಲಿತು ಎರಡೇ ದಿನ ಆದವನಿಗೆ ಆ ದಾರಿ ಎಂಥದು ಅಂತ ತೀರ್ಮಾನ ಮಾಡೋದು ಘಾಟಿಯ ಆ ತಿರುವುಗಳು. ಟ್ರೇಲ್ ಕೂಡ ಅಷ್ಟೇ. ಒಂದು ಕಿಲೋಮೀಟರ್ ಉದ್ದದಲ್ಲಿ ಐವತ್ತು ಮೀಟರ್ ಕಡಿದಾಗಿದ್ದರೆ, ನೀವು ಸಿಕ್ಕಿಹಾಕಿಕೊಳ್ಳೋದು ಆ ಐವತ್ತು ಮೀಟರ್‌ನಲ್ಲೇ.

ನಕ್ಷೆಯಲ್ಲಿ ಇದು ಕಾಣಿಸಲ್ಲ. ರೆಸಾರ್ಟ್ ಕೊಡುವ ನಕ್ಷೆ ಬಹುತೇಕ ಒಂದು ಚಿತ್ರ. ಜೇಮ್ಸ್ ನಿಹ್ಯೂಸ್ ಎಂಬ ಕಲಾವಿದ ಸುಮಾರು 200 ರೆಸಾರ್ಟ್‌ಗಳ ನಕ್ಷೆಗಳನ್ನು ಕೈಯಲ್ಲೇ ಬರೆದಿದ್ದಾರೆ. ಎಲ್ಲ ಟ್ರೇಲ್‌ಗಳೂ ಒಂದೇ ಹಾಳೆಯಲ್ಲಿ ಕಾಣಬೇಕು, ಅದಕ್ಕೆ ಬೆಟ್ಟವನ್ನು ಸ್ವಲ್ಪ ಬಗ್ಗಿಸಿ, ಹರಡಿ ಬರೆಯಬೇಕಾಗುತ್ತೆ. ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನೋಡೋಕೆ ನಕ್ಷೆ ಬಳಸಿ. ಎಷ್ಟು ಕಡಿದು ಅಂತ ತಿಳಿಯೋಕೆ ಲಿಫ್ಟ್ ಹತ್ತಿರ ನಿಂತಿರುವ ಸಿಬ್ಬಂದಿಯನ್ನೋ, ಸ್ಕೀ ಪೆಟ್ರೋಲ್‌ನವರನ್ನೋ ಕೇಳಿ. ಚೇರ್‌ಲಿಫ್ಟ್‌ನಲ್ಲಿ ಕೂತು ಮೇಲೆ ಹೋಗುವಾಗ ಕೆಳಗಿನ ಟ್ರೇಲ್ ನೋಡ್ತಾ ಹೋಗಿ. ಜನ ಎಲ್ಲಿ ಬೀಳ್ತಿದ್ದಾರೆ ಅನ್ನೋದು ಅಲ್ಲಿಂದಲೇ ಕಾಣುತ್ತೆ.

ನಿಮ್ಮ ಕಾಲಿಗೆ ಯಾವುದು?

ನೀವು ‘ಬಿಗಿನರ್’ ಅಥವಾ ‘ಇಂಟರ್ಮೀಡಿಯೆಟ್’ ಅನ್ನೋದನ್ನು ಎಷ್ಟು ದಿನ ಸ್ಕೀ ಮಾಡಿದ್ದೀರಿ ಅನ್ನೋದರಿಂದ ಅಳೆಯಬೇಡಿ. ಏನು ಮಾಡೋಕೆ ಬರುತ್ತೆ ನೋಡಿ.

ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಮಾಡಿ ನಿಲ್ಲುವುದಕ್ಕೆ ಮಕ್ಕಳಿಗೆ ‘ಪಿಜ್ಜಾ’ ಅಂತ ಹೇಳಿಕೊಡ್ತಾರೆ, ಪಿಜ್ಜಾ ತುಂಡಿನ ಆಕಾರ ಬರುತ್ತಲ್ಲ, ಅದಕ್ಕೆ. ಹೀಗೆ ನಿಲ್ಲೋಕೆ ಇನ್ನೂ ಬರಲ್ಲ ಅಂದರೆ ಮ್ಯಾಜಿಕ್ ಕಾರ್ಪೆಟ್ ಬಿಟ್ಟು ಕದಲಬೇಡಿ. ಅದು ನೆಲದ ಮೇಲೇ ಸರಿಯುವ ಪಟ್ಟಿ, ನಿಂತುಕೊಂಡು ಮೇಲೆ ಹೋಗಬಹುದು. ಪಿಜ್ಜಾದಲ್ಲಿ ಬೇಕಾದ ಕಡೆ ನಿಲ್ಲೋಕೆ, ಎಡಕ್ಕೂ ಬಲಕ್ಕೂ ತಿರುಗೋಕೆ ಬಂದರೆ ಹಸಿರು ಟ್ರೇಲ್ ನಿಮ್ಮದು. ಒಂದಾದ ಮೇಲೊಂದು ತಿರುವು ತಗೊಳ್ತಾ, ವೇಗ ಕೈ ಮೀರದ ಹಾಗೆ, ಸ್ಕೀಗಳನ್ನು ಹೆಚ್ಚುಕಡಿಮೆ ಸಮಾನಾಂತರ ಇಟ್ಟುಕೊಂಡು ಇಡೀ ಹಸಿರು ಟ್ರೇಲ್ ಇಳಿಯೋಕೆ ಬಂದರೆ ನೀಲಿ ನೋಡಬಹುದು.

ಇನ್ನೊಂದು ವಿದ್ಯೆ ಕಲಿಯದೆ ನೀಲಿಗೆ ಹೋಗಬೇಡಿ ಅಂತ ನಾನು ಹೇಳ್ತೀನಿ. ಇಳಿಜಾರಿಗೆ ಅಡ್ಡವಾಗಿ ನಿಂತು, ಸ್ಕೀಯ ಅಂಚನ್ನು ಸ್ವಲ್ಪ ಸ್ವಲ್ಪ ಸಡಿಲ ಮಾಡ್ತಾ, ಅಡ್ಡಡ್ಡ ಜಾರಿಕೊಂಡು ಇಳಿಯೋದು. ನೋಡೋಕೆ ಚಂದ ಇಲ್ಲ. ಆದರೆ ಸಿಕ್ಕಿಹಾಕಿಕೊಂಡಾಗ ಪಾರಾಗೋಕೆ ಇದೇ ದಾರಿ. ಅವತ್ತು ನನಗೆ ಇದು ಬರ್ತಿದ್ದರೆ ಮಂಡಿ ಉಳೀತಿತ್ತು.

ಕೊಲರಾಡೋದ ಎರಡು ಬೆಟ್ಟ

ಉದಾಹರಣೆಗೆ ಬ್ರೆಕನ್‌ರಿಜ್ ತಗೊಳ್ಳೋಣ. ಡೆನ್ವರ್‌ನಿಂದ ಸುಮಾರು 130 ಕಿಲೋಮೀಟರ್. ಇಲ್ಲಿ ಐದು ಶಿಖರಗಳು, ಹೆಸರು ಪೀಕ್ 6ರಿಂದ ಪೀಕ್ 10. ಪೀಕ್ 9ರ ಕೆಳಭಾಗ ಅಗಲವಾದ ಹಸಿರು ಟ್ರೇಲ್‌ಗಳ ಜಾಗ, ಹೊಸಬರಿಗೆ ಹೇಳಿ ಮಾಡಿಸಿದ್ದು. ಪೀಕ್ 7ರ ಕೆಳಭಾಗದಲ್ಲಿ ಇಂಡಿಪೆಂಡೆನ್ಸ್ ಲಿಫ್ಟ್‌ನಿಂದ ಇಳಿಯುವ ನೀಲಿ ಟ್ರೇಲ್‌ಗಳಿವೆ, ಏರಿಳಿತ ಇದ್ದರೂ ಹದವಾಗಿವೆ. ಮಧ್ಯಮ ಹಂತದವರು ಅಲ್ಲಿ ಇಡೀ ದಿನ ಕಳೆಯಬಹುದು. ಪೀಕ್ 10 ಮುಖ್ಯವಾಗಿ ಅನುಭವಿಗಳದು. ಪೀಕ್ 8ರಲ್ಲಿ ಇಂಪೀರಿಯಲ್ ಎಕ್ಸ್‌ಪ್ರೆಸ್ ಅನ್ನೋ ಚೇರ್‌ಲಿಫ್ಟ್ ಇದೆ. 3,914 ಮೀಟರ್ ಎತ್ತರಕ್ಕೆ ಹೋಗುತ್ತೆ, ಉತ್ತರ ಅಮೆರಿಕದಲ್ಲೇ ಅತಿ ಎತ್ತರದ್ದು. ‘ಒಂದು ಫೋಟೋ ತೆಗೆಸ್ಕೊಂಡು ಬರೋಣ’ ಅಂತ ಆಸೆ ಆಗುತ್ತೆ. ಆದರೆ ಮೇಲಿನಿಂದ ಇಳಿಯೋಕೆ ಹಸಿರೂ ಇಲ್ಲ, ನೀಲಿಯೂ ಇಲ್ಲ. ಹತ್ತುವ ಮುಂಚೆ ಇಳಿಯುವ ದಾರಿ ನೋಡಿ ಅನ್ನೋದು ಇದಕ್ಕೇ.

ಹತ್ತಿರದಲ್ಲೇ ಕೀಸ್ಟೋನ್ ಇದೆ. ಅಲ್ಲಿ ಸ್ಕೂಲ್‌ಮಾರ್ಮ್ ಅನ್ನೋ ಹಸಿರು ಟ್ರೇಲ್ ಬೆಟ್ಟದ ತುದಿಯಿಂದಲೇ ಶುರುವಾಗಿ ಸುಮಾರು 3.5 ಮೈಲಿ ಇಳಿಯುತ್ತೆ. ಹೊಸಬರಿಗೂ ಬೆಟ್ಟದ ತುದಿಯ ನೋಟ ಸಿಗೋ ಇಂಥ ಟ್ರೇಲ್ ಒಂದು ವರ. ಆದರೆ ಬಣ್ಣ ಹಸಿರು ಅಂತ ಮೊದಲ ದಿನವೇ ಹೋಗಬೇಡಿ. ಐದೂವರೆ ಕಿಲೋಮೀಟರ್ ಪಿಜ್ಜಾ ಹಾಕಿಕೊಂಡು ಇಳಿದರೆ ತೊಡೆ ಉರಿದುಹೋಗುತ್ತೆ.

ಎತ್ತರದ ಲೆಕ್ಕವನ್ನೂ ಸೇರಿಸಿಕೊಳ್ಳಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಬ್ರೆಕನ್‌ರಿಜ್‌ನಲ್ಲಿ ಬೆಟ್ಟದ ಬುಡವೇ 2,900 ಮೀಟರ್ ದಾಟುತ್ತೆ. ಬೆಂಗಳೂರಿನಿಂದ ಹೋದವರಿಗೆ ಮೆಟ್ಟಿಲು ಹತ್ತಿದರೂ ಏದುಸಿರು. ಮೊದಲ ದಿನ ನೀರು ಚೆನ್ನಾಗಿ ಕುಡಿದು, ಚಿಕ್ಕ ಟ್ರೇಲ್‌ಗಳಲ್ಲೇ ಇರಿ.

ಅದೇ ಟ್ರೇಲ್, ಬೇರೆ ಹೊತ್ತು

ರಾತ್ರಿ ಹೊತ್ತು ಯಂತ್ರಗಳು ಹಿಮವನ್ನು ಹದ ಮಾಡಿ ಸಮ ಮಾಡುತ್ತವೆ. ಇದಕ್ಕೆ ಗ್ರೂಮಿಂಗ್ ಅಂತಾರೆ. ಯಾವ ಟ್ರೇಲ್‌ಗಳನ್ನು ಹದ ಮಾಡಿದ್ದಾರೆ ಅನ್ನೋ ಪಟ್ಟಿ ದಿನಾ ಬೆಳಿಗ್ಗೆ ರೆಸಾರ್ಟ್ ಆ್ಯಪ್‌ನಲ್ಲಿ ಬರುತ್ತೆ. ಹೊಸಬರು ಆ ಪಟ್ಟಿಯಲ್ಲಿರೋ ಟ್ರೇಲ್‌ಗಳನ್ನೇ ಹಿಡಿಯೋದು ಕ್ಷೇಮ. ಹದ ಮಾಡದ ನೀಲಿಯಲ್ಲಿ ಮೊಣಕಾಲೆತ್ತರ ಹಿಮವೋ, ಸಾಲು ಸಾಲು ದಿಬ್ಬಗಳೋ ಇದ್ದರೆ ಅದು ಹೊಸಬರ ಪಾಲಿಗೆ ನೀಲಿಯಾಗಿ ಉಳಿಯಲ್ಲ.

ಬೆಳಿಗ್ಗೆ ಹತ್ತಕ್ಕೆ ನುಣುಪಾಗಿದ್ದದ್ದು ಮಧ್ಯಾಹ್ನ ಮೂರಕ್ಕೆ ಗುಡ್ಡೆ ಗುಡ್ಡೆ ಆಗಿರುತ್ತೆ, ಇಲ್ಲವೇ ಸವೆದು ಗಟ್ಟಿಯಾಗಿರುತ್ತೆ. ಅಷ್ಟು ಹೊತ್ತಿಗೆ ಕಾಲೂ ಸೋತಿರುತ್ತೆ. ಹೊಸ, ಕಷ್ಟದ ಟ್ರೇಲ್ ನೋಡೋದಾದರೆ ಬೆಳಿಗ್ಗೆ ಎರಡು ಮೂರು ಸುಲಭದವು ಇಳಿದ ಮೇಲೆ ನೋಡಿ. ದಿನದ ಕೊನೆಯ ಇಳಿತ ನಿಮಗೆ ಚೆನ್ನಾಗಿ ಗೊತ್ತಿರುವ ಹಸಿರಿನದ್ದಾಗಿರಲಿ.

ಗುಲ್ಮಾರ್ಗ್‌ಗೆ ಹೋಗುವವರಿಗೆ

ನಮ್ಮಲ್ಲಿ ಅನೇಕರಿಗೆ ಹತ್ತಿರದ್ದು ಗುಲ್ಮಾರ್ಗ್. ಕೆಳಗಿನ ಬಯಲಿನ ಮೆಲು ಇಳಿಜಾರುಗಳು ಕಲಿಯೋಕೆ ಚೆನ್ನಾಗಿವೆ. ಗೊಂಡೊಲಾದ ಮೊದಲ ಹಂತ ಕಾಂಗ್‌ಡೂರಿವರೆಗೆ, ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ಮೀಟರ್‌ಗೂ ಎತ್ತರಕ್ಕೆ. ಅಲ್ಲಿಂದ ಕೆಳಗೆ ಇರೋದು ಹದ ಮಾಡದ ಸಹಜ ಹಿಮ, ಹಿಮಕುಸಿತದ ಅಪಾಯವೂ ಉಂಟು. 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನ ಮೇಲಿನ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ವಿದೇಶಿ ಸ್ಕೀಯರ್ ಒಬ್ಬರು ಸತ್ತರು. ಎರಡನೇ ಹಂತಕ್ಕೆ ನೋಟ ನೋಡೋಕೆ ಹೋಗಿ, ಗೊಂಡೊಲಾದಲ್ಲೇ ವಾಪಸ್ ಬನ್ನಿ.

ವಾಪಸ್ ಬರೋ ಮಾತು ಬಂತಲ್ಲ. ಗೊಂಡೊಲಾದಲ್ಲಿ ಕೂತು ಕೆಳಗೆ ಬರಬಹುದು. ಚೇರ್‌ಲಿಫ್ಟ್‌ನಲ್ಲಿ ಎಲ್ಲ ಕಡೆ ಬಿಡಲ್ಲ. ಹತ್ತುವ ಮುಂಚೆ ಕೇಳಿಕೊಳ್ಳಿ.

ಮಧ್ಯದಲ್ಲಿ ಸಿಕ್ಕಿಹಾಕಿಕೊಂಡರೆ, ಮೇಲಿನಿಂದ ಬರುವವರಿಗೆ ಕಾಣುವ ಹಾಗೆ ಟ್ರೇಲ್‌ನ ಅಂಚಿಗೆ ಸರಿದು ನಿಲ್ಲಿ. ತಿರುವಿನ ಮರೆಯಲ್ಲಿ ನಿಲ್ಲಬೇಡಿ. ಪೆಟ್ಟಾಗಿದ್ದರೆ ಎರಡು ಸ್ಕೀಗಳನ್ನು ಅಡ್ಡಡ್ಡ ಸೇರಿಸಿ ಹಿಮದಲ್ಲಿ ನೆಡಿ, ಸಹಾಯ ಬೇಕು ಅನ್ನೋದಕ್ಕೆ ಅದೇ ಗುರುತು. ಸ್ಕೀ ಪೆಟ್ರೋಲ್‌ನ ನಂಬರ್ ಬೆಳಿಗ್ಗೆಯೇ ಫೋನಿಗೆ ಹಾಕಿಟ್ಟುಕೊಳ್ಳಿ.

ಕೊನೆಯ ಮಾತು. ನಾನು ನೋಡಿದ ಮಟ್ಟಿಗೆ, ತಪ್ಪು ಟ್ರೇಲ್‌ಗೆ ಹೋಗುವವರು ನಕ್ಷೆ ಓದೋಕೆ ಬರದೆ ಹೋಗೋದು ಕಮ್ಮಿ. ಜೊತೆಯವರು ಕರೆದರು, ಬೇಡ ಅನ್ನೋಕೆ ಸಂಕೋಚ ಆಯ್ತು, ಅದಕ್ಕೇ ಹೋಗಿರ್ತಾರೆ. ಚೆನ್ನಾಗಿ ಸ್ಕೀ ಮಾಡುವವರಿಗೂ ಒಂದು ಮಾತು: ನಿಮಗೆ ಸುಲಭ ಅನ್ನಿಸಿದ್ದು ಹೊಸಬರಿಗೆ ಸುಲಭ ಅಲ್ಲ. ಕರ್ಕೊಂಡು ಹೋಗಲೇಬೇಕು ಅಂದರೆ ಮೊದಲು ಒಂದು ಸಲ ನೀವೇ ಇಳಿದು ನೋಡ್ಕೊಂಡು ಬನ್ನಿ.

ಹೋದ ಚಳಿಗಾಲ ಭಾವ ಮತ್ತೆ ಕರೆದರು. ‘ನೀವು ಹೋಗ್ಬನ್ನಿ ಭಾವ, ನಾನು ಇಲ್ಲೇ ಹಸಿರಿನಲ್ಲಿ ಇರ್ತೀನಿ’ ಅಂದೆ. ಅಕ್ಕನ ಮಗಳು ಒಂದು ನಿಮಿಷ ಯೋಚನೆ ಮಾಡಿ, ‘ನಾನೂ ಮಾಮನ ಜೊತೆ’ ಅಂದಳು. ಅವತ್ತು ಇಬ್ಬರೂ ಒಂದೇ ಟ್ರೇಲ್ ಒಂಬತ್ತು ಸಲ ಇಳಿದೆವು. ಒಂದು ಸಲವೂ ಬೀಳಲಿಲ್ಲ.