ಬಳಚಿನ ಲೆಕ್ಕಕ್ಕೆ ಯಾವ ಕಪಾಟು?

ಮಳೆಗಾಲದಲ್ಲಿ ನಮ್ಮೂರು ಹೆಬಳೆಗೆ ಬಂದಿದ್ದ ತಂಗಿಯ ಮಗಳು ಜಗುಲಿಯಲ್ಲಿ ಲ್ಯಾಪ್‌ಟಾಪ್ ಬಿಡಿಸಿಕೊಂಡು ಕೂತಿದ್ದಳು. ಕುಮಟೆಯ ಅಘನಾಶಿನಿ ಅಳಿವೆಯಲ್ಲಿ ಸಿಗುವ ಬಳಚು ಎಂಬ ಚಿಪ್ಪುಮೀನಿನ ಮೇಲೆ ಅವಳ ಪಿಎಚ್‌ಡಿ. ಪರದೆಯಲ್ಲಿ ಮೂರು ಕಡತ: ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’. ಒಂದು ಕಾಲಮ್ಮಿನ ತಲೆಯಲ್ಲಿ ಬರೀ ‘ತೂಕ’ ಎಂದಿತ್ತು. ಚಿಪ್ಪು ಸಮೇತವೋ, ಒಳಗಿನ ಮಾಂಸದ್ದೋ?

“ಆವಾಗ ನೆನಪಿತ್ತು ಮಾವ” ಎಂದಳು.

ಮೂವತ್ತು ವರ್ಷ ಕಾಲೇಜಿನ ಗ್ರಂಥಾಲಯದಲ್ಲಿ ಕೂತವನು ನಾನು. ಸಂಶೋಧಕರು ಕೇಳಿದ ಪುಸ್ತಕ ಹುಡುಕಿ ಕೊಟ್ಟೆನೇ ಹೊರತು, ನಿಮ್ಮ ಲೆಕ್ಕದ ಹಾಳೆಗಳನ್ನು ಹೇಗೆ ಇಟ್ಟುಕೊಂಡಿದ್ದೀರಿ ಎಂದು ಒಬ್ಬರನ್ನೂ ಕೇಳಲಿಲ್ಲ. ಅದು ನನ್ನ ಕೆಲಸವೆಂದೇ ಅನಿಸಿರಲಿಲ್ಲ.

ವಿವರ ಬರೆದಿಟ್ಟರೆ ಏನು ಲಾಭ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. 1801ರಲ್ಲಿ ಭಟ್ಕಳ, ಹೊನ್ನಾವರದ ಮೇಲೆ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ದಿನಚರಿ ಬರೆದ. 1807ರಲ್ಲಿ ಅದು ಮೂರು ಸಂಪುಟವಾಗಿ ಅಚ್ಚಾಯಿತು. ಅವನ ಅಭಿಪ್ರಾಯಗಳನ್ನು ಪಕ್ಕಕ್ಕಿಡಿ, ಅವನ ಟಿಪ್ಪಣಿಗಳು ಇಂದಿಗೂ ಉಪಯೋಗಕ್ಕೆ ಬರುವುದು ತಾರೀಖು ಮತ್ತು ಊರಿನ ಹೆಸರು ಜೊತೆಗೇ ಇರುವುದರಿಂದ. ನಮ್ಮ ಹುಡುಗಿಯ ಹಾಳೆಯಲ್ಲಿ ಇಲ್ಲದ್ದು ಅಂಥ ಜೊತೆಯ ವಿವರವೇ.

ಹೀಗೆ ದಾಖಲಿಸಿಡುವುದು ಕರ್ನಾಟಕಕ್ಕೆ ಹೊಸ ವಿದ್ಯೆಯೇನಲ್ಲ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ತರಬೇತಿಗೆಂದೇ ಕೇಂದ್ರ ಕಟ್ಟಿದರು. ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ಪ್ರಬಂಧಗಳನ್ನು ಆನ್‌ಲೈನ್ ಭಂಡಾರಕ್ಕೆ ಹಾಕತೊಡಗಿತು. ಪಿಎಚ್‌ಡಿ ಮಹಾಪ್ರಬಂಧಗಳಿಗೆ ‘ಶೋಧಗಂಗಾ’ ಜಾಲತಾಣವಿದೆ. ಆದರೆ ಅಲ್ಲಿ ಸಿಗುವುದು ಬೆಂದ ಅನ್ನ. ಅಕ್ಕಿ, ಅಂದರೆ ಮೂಲ ಅಂಕಿಗಳು, ಸಂಶೋಧಕರ ಪೆನ್‌ಡ್ರೈವಿನಲ್ಲೇ ಉಳಿಯುತ್ತದೆ.

2016ರಲ್ಲಿ ವಿಜ್ಞಾನಿಗಳು ‘ಫೇರ್’ ಎಂಬ ಸೂತ್ರ ಕೊಟ್ಟರು: ದತ್ತಾಂಶ ಹುಡುಕಿದರೆ ಸಿಗಬೇಕು, ಕೈಗೆಟುಕಬೇಕು, ಬೇರೆಯವರ ದತ್ತಾಂಶದ ಜೊತೆ ಕೂಡಬೇಕು, ಮತ್ತೆ ಬಳಸುವಂತಿರಬೇಕು. ಓದಿದಾಗ ನಗು ಬಂತು. ಕ್ಯಾಟಲಾಗ್ ಕಾರ್ಡು ಬರೆಯುವಾಗ ನಾವು ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಕುಮಟೆಯವರು ಬಳಚು ಎನ್ನುವುದನ್ನು ಮಂಗಳೂರಿನವರು ಮರುವಾಯಿ ಎನ್ನುತ್ತಾರೆ. ಎರಡೂ ಹೆಸರು, ಜೊತೆಗೆ ಶಾಸ್ತ್ರೀಯ ಹೆಸರು ಬರೆದಿಡದಿದ್ದರೆ ನಾಳೆ ಹುಡುಕುವವನಿಗೆ ಸಿಗುವುದು ಹೇಗೆ? ಈ ಪ್ರಶ್ನೆ ಗ್ರಂಥಪಾಲಕನಿಗೆ ಸಹಜವಾಗಿ ಹೊಳೆಯುತ್ತದೆ, ಸಂಶೋಧಕನಿಗೆ ಹೊಳೆಯುವುದಿಲ್ಲ. ಇಡಲು ಜಾಗವೂ ಇದೆ. ಯುರೋಪಿನ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ‘ಜೆನೋಡೊ’ ಎಂಬ ಆನ್‌ಲೈನ್ ಭಂಡಾರದಲ್ಲಿ ಯಾರು ಬೇಕಾದರೂ ಕಾಸು ಕೊಡದೆ ದತ್ತಾಂಶ ಇಡಬಹುದು, ಅದಕ್ಕೊಂದು ಕಾಯಂ ಗುರುತುಸಂಖ್ಯೆಯೂ ಸಿಗುತ್ತದೆ.

ಎಲ್ಲವನ್ನೂ ತೆರೆದಿಡಬೇಕು ಎಂಬ ಉತ್ಸಾಹಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಅವಳ ಕಡತದಲ್ಲಿ ಬಳಚು ಆಯುವ ಹೆಂಗಸರ ಹೆಸರಿತ್ತು, ದಿನದ ಗಳಿಕೆಯಿತ್ತು, ಯಾವ ದಂಡೆಯಲ್ಲಿ ಹೆಚ್ಚು ಸಿಗುತ್ತದೆ ಎಂಬ ಗುಟ್ಟೂ ಇತ್ತು. ನಂಬಿ ಹೇಳಿದ್ದನ್ನು ಬೀದಿಗೆ ಹಾಕುವುದುಂಟೇ? ಹೆಸರು ತೆಗೆಸಿದೆ, ದಂಡೆಯ ಜಾಗಕ್ಕೆ ಊರಿನ ಹೆಸರಷ್ಟೇ ಹಾಕಿಸಿದೆ. ದತ್ತಾಂಶವನ್ನು ಹೇಗೆ ಇಡಬೇಕು ಎಂಬುದರ ಜೊತೆಗೆ ಯಾವುದನ್ನು ಬೀಗ ಹಾಕಿ ಇಡಬೇಕು ಎಂಬುದನ್ನೂ ಗ್ರಂಥಪಾಲಕರಿಗೆ ಕಲಿಸಬೇಕು.

2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಹತ್ತು ವರ್ಷ ಬಿಟ್ಟು ಬಳಚು ಹೆಚ್ಚಿತೋ ಕಡಿಮೆಯಾಯಿತೋ ಎಂದು ನೋಡುವವರಿಗೆ ಹೋಲಿಸಲು ಇಂಥ ಹಾಳೆಗಳೇ ಬೇಕು.

ಸಂಜೆ ಅವಳು ಕುಮಟೆಗೆ ಫೋನ್ ಮಾಡಿ, ಅಂದು ತಕ್ಕಡಿ ಹಿಡಿದಿದ್ದ ಹುಡುಗನನ್ನು ವಿಚಾರಿಸಿದಳು. ಮೊದಲೆರಡು ತಿಂಗಳು ಚಿಪ್ಪು ಸಮೇತ, ಆಮೇಲೆ ಬರೀ ಮಾಂಸ ಎಂದನಂತೆ. ಎಂಟು ತಿಂಗಳ ಹಾಳೆಯನ್ನು ಮತ್ತೆ ಮೊದಲಿನಿಂದ ತೆರೆದಳು.