ಎರಡು ಸೂರ್ಯೋದಯದ ಹಾದಿ

ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಲಂಡನ್‌ನಿಂದ ಸಿಡ್ನಿಗೆ ಸುಮಾರು 17,000 ಕಿಲೋಮೀಟರ್. ನೂರು ವರ್ಷದಲ್ಲಿ ಅದು ಒಂದು ಮೊಳವೂ ಕಮ್ಮಿಯಾಗಿಲ್ಲ. ಕಮ್ಮಿಯಾಗಿರುವುದು ನಡುವೆ ಇಳಿಯುವ ಊರುಗಳು.

1919ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಒಡ್ಡಿದ 10,000 ಪೌಂಡ್ ಬಹುಮಾನಕ್ಕಾಗಿ ರಾಸ್ ಮತ್ತು ಕೀತ್ ಸ್ಮಿತ್ ಸೋದರರು ಇಬ್ಬರು ಮೆಕ್ಯಾನಿಕ್‌ಗಳ ಜತೆ ವಿಮಾನದಲ್ಲಿ ಲಂಡನ್ ಬಿಟ್ಟರು. ಆಸ್ಟ್ರೇಲಿಯಾದ ಡಾರ್ವಿನ್ ಮುಟ್ಟುವ ಹೊತ್ತಿಗೆ 28 ದಿನ ತುಂಬಲು ಕೆಲವೇ ತಾಸು ಬಾಕಿ. ಕರಾಚಿ, ದೆಹಲಿ, ಅಲಹಾಬಾದ್, ಹೀಗೆ ಇಳಿಯುತ್ತ ಏರುತ್ತ ಬಂದವರು ಕಲ್ಕತ್ತೆಯಲ್ಲಿ ಹಾರಿದ್ದು ಕುದುರೆ ರೇಸಿನ ಮೈದಾನದಿಂದ. ಹಕ್ಕಿ ಬಡಿದು ಅಲ್ಲೇ ಕಥೆ ಮುಗಿಯುವುದರಲ್ಲಿತ್ತು. 1935ರಲ್ಲಿ ಆಸ್ಟ್ರೇಲಿಯಾದ ವಿಮಾನ ಕಂಪನಿ ಕ್ವಾಂಟಾಸ್ ಮತ್ತು ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಸೇರಿ ಪ್ರಯಾಣಿಕರನ್ನು ಒಯ್ಯತೊಡಗಿದಾಗ ಬ್ರಿಸ್ಬೇನ್‌ನಿಂದ ಲಂಡನ್‌ಗೆ ಹನ್ನೆರಡೂವರೆ ದಿನ.

1942ರಲ್ಲಿ ಸಿಂಗಪುರ ಜಪಾನೀಯರ ಕೈಸೇರಿತು. ಹಾದಿ ನಡುವೆಯೇ ತುಂಡಾಯಿತು. ಕ್ವಾಂಟಾಸ್ ಮರುವರ್ಷ ಹುಡುಕಿಕೊಂಡ ಉಪಾಯ ವಿಚಿತ್ರ: ಪರ್ತ್‌ನ ನದಿಯಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ, ನೀರಿನಿಂದ ನೀರಿಗೆ, ಎಲ್ಲೂ ನಿಲ್ಲದೆ ಸುಮಾರು 5,600 ಕಿಲೋಮೀಟರ್. ಕ್ಯಾಟಲೀನಾ ಎಂಬ ಆ ತೇಲುವಿಮಾನದ ವೇಗ ತಾಸಿಗೆ 200 ಕಿಲೋಮೀಟರ್ ಆಸುಪಾಸು. ಹಿಂದೂ ಮಹಾಸಾಗರ ದಾಟಲು 27ರಿಂದ 33 ತಾಸು ಬೇಕು. ಶತ್ರು ವಿಮಾನಗಳ ಕಣ್ಣಿರುವ ಭಾಗವನ್ನು ಕತ್ತಲಲ್ಲೇ ದಾಟಬೇಕು, ರೇಡಿಯೊ ತೆರೆಯಕೂಡದು, ನಕ್ಷತ್ರ ನೋಡಿ ದಿಕ್ಕು ಹಿಡಿಯಬೇಕು. ಹೊಟ್ಟೆ ತುಂಬ ಇಂಧನವೇ; ಒಂದಿಷ್ಟು ಟಪಾಲು ಬಿಟ್ಟರೆ ಜಾಗ ಉಳಿಯುತ್ತಿದ್ದುದು ಮೂವರು ಪ್ರಯಾಣಿಕರಿಗೆ. ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯ ಕಂಡವರಿಗೆ ‘ಎರಡು ಸೂರ್ಯೋದಯದ ಗುಪ್ತ ಸಂಘ’ದ ಪ್ರಮಾಣಪತ್ರ ಕೊಡುತ್ತಿದ್ದರು. ಯುದ್ಧದ ನಡುವೆಯೂ ಇಂಥ ತಮಾಷೆಗೆ ಪುರುಸೊತ್ತು ಇತ್ತು. 1945ರವರೆಗೆ 271 ಸಲ ದಾಟಿದರೂ ಒಂದು ವಿಮಾನವನ್ನೂ ಕಳೆದುಕೊಳ್ಳಲಿಲ್ಲ.

ಶಾಂತಿ ಬಂದ ಮೇಲೆ ಮತ್ತೆ ಊರೂರು ಇಳಿಯುವ ಲೆಕ್ಕವೇ. 1947ರ ಡಿಸೆಂಬರ್ 1ರಂದು ಸಿಡ್ನಿಯಿಂದ ಹೊರಟ ಕಾನ್‌ಸ್ಟೆಲೇಷನ್ ವಿಮಾನದಲ್ಲಿ 29 ಪ್ರಯಾಣಿಕರು. ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೊ, ಟ್ರಿಪೊಲಿ ದಾಟಿ ನಾಲ್ಕು ದಿನಕ್ಕೆ ಲಂಡನ್. ಕಾಂಗರೂವಿನ ಹಾಗೆ ಕುಪ್ಪಳಿಸುವ ಹಾದಿಗೆ ಅದರ ಹೆಸರೇ ಬಿತ್ತು.

ಜೆಟ್ ಬಂದಂತೆ ಕಲ್ಕತ್ತಾ, ಕರಾಚಿಗಳು ಪಟ್ಟಿಯಿಂದ ಜಾರಿದವು. 1989ರಲ್ಲಿ ಹೊಸ ಬೋಯಿಂಗ್ 747-400 ಒಂದು ಲಂಡನ್‌ನಿಂದ ಸಿಡ್ನಿಗೆ ಒಂದೇ ಉಸಿರಿಗೆ, 20 ತಾಸು ಮೀರಿ, ಹಾರಿತು. ಆದರೆ ಒಳಗಿದ್ದವರು 23 ಜನ ಮಾತ್ರ. ಇಂಧನ ಉಳಿಸಲೆಂದು ಅದನ್ನು ರನ್‌ವೇ ತನಕ ಎಳೆದೊಯ್ದಿದ್ದರು. 2018ರಿಂದ ಪರ್ತ್–ಲಂಡನ್ ನಡುವೆ ಸುಮಾರು 14,500 ಕಿಲೋಮೀಟರ್ ದೂರವನ್ನು ಬೋಯಿಂಗ್‌ನ ಡ್ರೀಮ್‌ಲೈನರ್ ಹದಿನೇಳು ತಾಸಿನ ಆಸುಪಾಸಿನಲ್ಲಿ ಮುಗಿಸುತ್ತಿದೆ.

ಸಿಡ್ನಿಯಿಂದಲೇ ನೇರ ಹಾರಲು ಕ್ವಾಂಟಾಸ್ ಹೂಡಿರುವ ಯೋಜನೆಯ ಹೆಸರು ‘ಸನ್‌ರೈಸ್’, ಆ ಕ್ಯಾಟಲೀನಾಗಳ ನೆನಪಿಗೆ. ಎ350 ವಿಮಾನದಲ್ಲಿ 20,000 ಲೀಟರಿನ ಹೆಚ್ಚುವರಿ ಟ್ಯಾಂಕು. 300ಕ್ಕೂ ಹೆಚ್ಚು ಜನ ಹಿಡಿಯುವ ಆ ವಿಮಾನದಲ್ಲಿ ಸೀಟು 238 ಮಾತ್ರ. ಮೂರಕ್ಕಿಂತ ಎಷ್ಟೋ ವಾಸಿ, ಲೆಕ್ಕ ಮಾತ್ರ ಹಳೆಯದೇ.