ದತ್ತಕದಿಂದ ಸಖ್ಯಕ್ಕೆ: ಯುದ್ಧಾನಂತರದ ಪುನರ್ನಿರ್ಮಾಣದಲ್ಲಿ ನಗರಗಳ ಪರಸ್ಪರ ಸಹಾಯ

ಯುದ್ಧದಲ್ಲಿ ಹಾಳಾದ ಊರನ್ನು ಮರಳಿ ಕಟ್ಟುವುದು ಆಯಾ ರಾಷ್ಟ್ರದ ಸರಕಾರಕ್ಕೆ ಸೇರಿದ ಕೆಲಸವೆಂಬುದು ಸಾಮಾನ್ಯವಾದ ಅಭಿಪ್ರಾಯ. ಅದಕ್ಕೆ ಬೇಕಾಗುವ ದ್ರವ್ಯದ ಮೊತ್ತವನ್ನು ನೋಡಿದರೆ ಈ ಅಭಿಪ್ರಾಯವನ್ನು ತಳ್ಳಿಹಾಕುವಂತಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳ ತರುವಾಯ, ಒಂದು ಊರಿನ ಪೌರರು ಪರದೇಶದ ಮತ್ತೊಂದು ಊರಿನ ಪೌರರಿಗೆ ನೇರವಾಗಿ ನೆರವಾಗುವ ಪದ್ಧತಿಯೊಂದು ಯೂರೋಪಿನಲ್ಲಿ ಬೆಳೆದುಬಂದಿತು. ಇದನ್ನು ಇಂಗ್ಲಿಷರು ‘ಟ್ವಿನಿಂಗ್’ ಎಂದೂ ಫ್ರೆಂಚರು ‘ಜುಮಲಾಜ್’ ಎಂದೂ ಕರೆಯುವರು. ಎರಡಕ್ಕೂ ಅವಳಿಯಾಗಿಸುವುದೆಂದೇ ಅರ್ಥ. ಕನ್ನಡದಲ್ಲಿ ಅವಳಿ ನಗರವೆಂದರೆ ಹುಬ್ಬಳ್ಳಿ ಧಾರವಾಡಗಳಂತೆ ಅಕ್ಕಪಕ್ಕದಲ್ಲಿರುವ ಊರುಗಳೆಂಬ ಭಾವನೆ ಬರುವುದರಿಂದ, ‘ನಗರಸಖ್ಯ’ವೆಂಬ ಮಾತು ಇಲ್ಲಿ ಹೆಚ್ಚು ಒಪ್ಪುತ್ತದೆ. ಹೆಸರಿನ ಈ ವಿಚಾರವು ಬರಿಯ ಶಬ್ದಚರ್ಚೆಯಲ್ಲ. ಈ ಪದ್ಧತಿಯು ಮೊದಲು ಹುಟ್ಟಿದಾಗ ಅದಕ್ಕಿದ್ದ ಹೆಸರೇ ಬೇರೆ. ಆ ಹೆಸರಿಗೆ ತಕ್ಕಂತೆ ಅದರ ಗತಿಯೂ ಬೇರೆಯಾಯಿತು.

ಮೊದಲನೆಯ ಮಹಾಯುದ್ಧವು 1918ರಲ್ಲಿ ನಿಂತಾಗ ಫ್ರಾನ್ಸಿನ ಉತ್ತರ ಭಾಗದ ನೂರಾರು ಊರುಗಳು ಕಲ್ಲಿನ ರಾಶಿಗಳಾಗಿದ್ದವು. ಅವುಗಳಿಗೆ ನೆರವಾಗಲು 1920ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ಬ್ರಿಟಿಷ್ ಊರುಗಳು ಒಂದೊಂದು ಫ್ರೆಂಚ್ ಊರನ್ನು ‘ದತ್ತು’ ತೆಗೆದುಕೊಳ್ಳಬೇಕೆಂಬುದು ಅದರ ಕ್ರಮ. ಲಂಡನ್ ನಗರವು ವೆರ್ದನ್ ಪಟ್ಟಣವನ್ನೂ, ಬರ್ಮಿಂಗ್‌ಹ್ಯಾಮು ಆಲ್ಬೇರನ್ನೂ, ಷೆಫೀಲ್ಡು ಬಪೋಮನ್ನೂ ಸೆರ್ ಎಂಬ ಚಿಕ್ಕ ಹಳ್ಳಿಯನ್ನೂ ವಹಿಸಿಕೊಂಡವು. ಈ ಆಯ್ಕೆಗಳ ಹಿಂದೆ ಬಹುಮಟ್ಟಿಗೆ ಇದ್ದುದು ಸಾವಿನ ಲೆಕ್ಕ. 1916ರ ಜುಲೈ 1ರಂದು ಷೆಫೀಲ್ಡಿನ ತರುಣರಿಂದಲೇ ಕೂಡಿದ್ದ ದಳವೊಂದು ಸೆರ್ ಹಳ್ಳಿಯ ಮುಂದೆ ಒಂದೇ ಬೆಳಗಿನಲ್ಲಿ ನುಚ್ಚುನೂರಾಗಿದ್ದಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಆ ಹಳ್ಳಿಯ ಹೆಸರು ತಮ್ಮ ಬೀದಿಯ ಹೆಸರಿನಷ್ಟೇ ಪರಿಚಿತವಾಗಿದ್ದುದು ಸಹಜವೇ ಸರಿ.

ಆದರೆ ದತ್ತಕವೆಂಬುದು ಒಂದೇ ದಿಕ್ಕಿಗೆ ಹರಿಯುವ ಸಂಬಂಧ. ಕೊಡುವವನಿಗೆ ಕೈ ಸೋತರೆ ಅಲ್ಲಿಗೆ ಅದು ಮುಗಿಯಿತು. 1921ರ ಹೊತ್ತಿಗೆ ಬ್ರಿಟನ್ನಿನಲ್ಲಿ ವ್ಯಾಪಾರವು ಕುಸಿದು ನಿರುದ್ಯೋಗವು ಹರಡಿತು. ಮನೆಯವರೇ ಹಸಿದಿರುವಾಗ ಪರದೇಶಕ್ಕೆ ದಾನವೇಕೆಂಬ ಮಾತು ಎದ್ದಿತು. ಆ ಮಾತಿನಲ್ಲಿ ನ್ಯಾಯವಿರಲಿಲ್ಲವೆಂದು ಯಾರೂ ಹೇಳಲಾರರು. ಚಂದಾಹಣವು ಇಳಿಯಿತು. ಕೆಲವೇ ವರ್ಷಗಳಲ್ಲಿ ಆ ಸಂಬಂಧಗಳು ಬಹುಪಾಲು ಮರೆತುಹೋದವು.

ಎರಡನೆಯ ಮಹಾಯುದ್ಧದಲ್ಲಿ ಈ ಪದ್ಧತಿಯು ಬೇರೊಂದು ರೂಪದಲ್ಲಿ ತಲೆಯೆತ್ತಿತು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಕವೆಂಟ್ರಿ ನಗರವನ್ನು ಸುಟ್ಟವು. ಐನೂರಕ್ಕಿಂತ ಹೆಚ್ಚು ಮಂದಿ ಸತ್ತರು, ಮಧ್ಯಯುಗದ ಪ್ರಧಾನ ದೇವಾಲಯವು ಬರಿಯ ಗೋಡೆಗಳಾಗಿ ಉಳಿಯಿತು. ಎರಡು ವರ್ಷಗಳ ಮೇಲೆ ಸ್ಟಾಲಿನ್‌ಗ್ರಾಡಿನ ಮುತ್ತಿಗೆಯ ವಾರ್ತೆ ಬಂದಾಗ, ಕವೆಂಟ್ರಿಯ 800ಕ್ಕೂ ಮಿಕ್ಕ ಮಹಿಳೆಯರು ಒಂದು ಮೇಜುಬಟ್ಟೆಯ ಮೇಲೆ ತಮ್ಮ ಹೆಸರುಗಳನ್ನು ಕಸೂತಿ ಹಾಕಿ, ತಲೆಗೆ ಆರು ಪೆನ್ನಿಯಂತೆ ಕೂಡಿಸಿ ಆ ನಗರಕ್ಕೆ ಕಳುಹಿಸಿದರು. 1944ರಲ್ಲಿ ಎರಡು ನಗರಗಳ ನಡುವಣ ಸಖ್ಯವು ಸ್ಥಿರಪಟ್ಟಿತು. ಆರು ಪೆನ್ನಿಗಳಿಂದ ಸ್ಟಾಲಿನ್‌ಗ್ರಾಡಿನಲ್ಲಿ ಒಂದು ಬೀದಿಯೂ ಏಳಲಾರದು. ಆದರೆ ಕೊಟ್ಟವರೂ ಮನೆ ಕಳೆದುಕೊಂಡವರೇ ಆಗಿದ್ದುದು ಇಲ್ಲಿಯ ವಿಶೇಷ.

ಮಿತ್ರರಿಗೆ ಕೊಡುವುದು ಸುಲಭ. ಹೆಚ್ಚು ಕಠಿನವಾದ ಪರೀಕ್ಷೆ 1947ರಲ್ಲಿ ಒದಗಿತು. ಆ ವರ್ಷ ಬ್ರಿಸ್ಟಲಿನ ಐದು ಮಂದಿ ಗಣ್ಯರು ಬ್ರಿಟಿಷರ ಆಡಳಿತದಲ್ಲಿದ್ದ ಹ್ಯಾನೋವರ್ ನಗರಕ್ಕೆ ಸದ್ಭಾವನೆಯ ಯಾತ್ರೆ ಮಾಡಿದರು. ಬ್ರಿಸ್ಟಲಿನ ಪೇಟೆಬೀದಿಗಳನ್ನು 1940ರಲ್ಲಿ ಜರ್ಮನರೇ ಸುಟ್ಟಿದ್ದರು. ಹ್ಯಾನೋವರಿನ ನಡುಭಾಗವನ್ನು ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ನೆಲಸಮ ಮಾಡಿದ್ದವು. ಬ್ರಿಸ್ಟಲಿನಿಂದ ಆಹಾರದ ಪೊಟ್ಟಣಗಳೂ ಬಟ್ಟೆಗಳೂ ಹೋದವು. ಶಾಲೆಯ ಮಕ್ಕಳು ತಮ್ಮ ಪಾದರಕ್ಷೆಗಳನ್ನು ಕೊಟ್ಟರು. ಆ ಕಾಲದ ಇಂಗ್ಲೆಂಡಿನ ಸ್ಥಿತಿಯನ್ನು ನೆನೆದರೆ ಇದರ ಬೆಲೆ ತಿಳಿಯುವುದು. ಯುದ್ಧ ನಡೆಯುತ್ತಿದ್ದಷ್ಟು ಕಾಲವೂ ಅಲ್ಲಿ ರೊಟ್ಟಿಗೆ ಪಡಿತರವಿರಲಿಲ್ಲ. ಶಾಂತಿ ಬಂದ ಮೇಲೆ, 1946ರ ಜುಲೈಯಿಂದ 1948ರ ಜುಲೈವರೆಗೆ, ರೊಟ್ಟಿಯನ್ನೂ ಚೀಟಿಯ ಮೇಲೆಯೇ ಪಡೆಯಬೇಕಾಗಿದ್ದಿತು. ಬಟ್ಟೆಯೂ ಪಾದರಕ್ಷೆಯೂ ಹಾಗೆಯೇ. ಎಂದರೆ ಆ ಮಕ್ಕಳು ಕೊಟ್ಟುದು ಮಿಕ್ಕದ್ದನ್ನಲ್ಲ.

ಹ್ಯಾನೋವರಿನವರಿಗೆ ಪ್ರತಿಯಾಗಿ ಕೊಡಲು ವಸ್ತುವೊಂದೂ ಇರಲಿಲ್ಲ. ಅವರು ಸಂಗೀತವನ್ನು ಕೊಟ್ಟರು. ಪಡೆದವನೂ ಕೊಡಬಹುದಾದುದರಿಂದ ದತ್ತಕವು ಇಲ್ಲಿ ಸಖ್ಯವಾಗಿ ಮಾರ್ಪಟ್ಟಿತು. ಅದೇ ವರ್ಷ ಆಕ್ಸ್‌ಫರ್ಡು ಬಾನ್ ನಗರದೊಡನೆಯೂ, ರೆಡಿಂಗು ಡುಸೆಲ್ಡಾರ್ಫಿನೊಡನೆಯೂ ಸಖ್ಯ ಬೆಳೆಸಿದವು. ರೆಡಿಂಗಿನ ಮೇಯರಾಗಿದ್ದ ಫೀಬಿ ಕಸ್ಡನ್ ಎಂಬ ಮಹಿಳೆ ಡುಸೆಲ್ಡಾರ್ಫಿನ ಆರು ಮಕ್ಕಳನ್ನು ತಮ್ಮ ಊರಿಗೆ ಕರೆಸಿ ಅಲ್ಲಿಯ ಮನೆಗಳಲ್ಲಿ ಇರಿಸಿದರು. ಶತ್ರುವಿನ ಮಗು ತನ್ನ ಮನೆಯ ಮೇಜಿಗೆ ಕುಳಿತ ಮೇಲೆ ಶತ್ರುವೆಂಬ ಮಾತಿಗೆ ಹಳೆಯ ಅರ್ಥ ನಿಲ್ಲದೆಂಬುದನ್ನು ಆಕೆ ಅರಿತಿದ್ದಿರಬೇಕು.

ಸಿಮೆಂಟು, ಉಕ್ಕು, ಕಲ್ಲಿದ್ದಲುಗಳ ದೃಷ್ಟಿಯಿಂದ ನೋಡಿದರೆ, 1948ರಲ್ಲಿ ತೊಡಗಿದ ಮಾರ್ಷಲ್ ಯೋಜನೆಯ ಮುಂದೆ ಇವೆಲ್ಲವೂ ಗಣನೆಗೆ ಬಾರವು. ಆದಕಾರಣ ನಗರಸಖ್ಯವನ್ನು ಕಟ್ಟಡಗಳ ಲೆಕ್ಕದಲ್ಲಿ ಅಳೆಯುವುದು ಯುಕ್ತವಲ್ಲ. ಕಟ್ಟಿದ್ದು ಸ್ವಲ್ಪವಾದರೂ ಕಟ್ಟಿದ ಕೈ ಯಾರದೆಂಬುದು ಮುಖ್ಯವಾದ ಸಂದರ್ಭಗಳುಂಟು. 1960ರ ದಶಕದ ಆದಿಯಲ್ಲಿ ಜರ್ಮನಿಯ ತರುಣ ತರುಣಿಯರು ಕವೆಂಟ್ರಿಗೆ ಬಂದು ಪಾಳುಬಿದ್ದ ದೇವಾಲಯದ ಒಂದು ಭಾಗವನ್ನು ದುರಸ್ತಿ ಮಾಡಿದರು. 1965ರಲ್ಲಿ ಇಂಗ್ಲೆಂಡಿನ ತರುಣರು ಡ್ರೆಸ್ಡೆನ್ನಿಗೆ ಹೋಗಿ, 1945ರ ಬಾಂಬುದಾಳಿಯಲ್ಲಿ ಹಾಳಾಗಿದ್ದ ಒಂದು ಆಸ್ಪತ್ರೆಯ ಪುನರ್ನಿರ್ಮಾಣದಲ್ಲಿ ದುಡಿದರು. ಡ್ರೆಸ್ಡೆನ್ನಿನ ಫ್ರೌಯೆನ್‌ಕಿರ್ಖೆ ಎಂಬ ದೇವಾಲಯವು ಮರಳಿ ಎದ್ದು 2005ರಲ್ಲಿ ಪ್ರತಿಷ್ಠಿತವಾಯಿತು. ಅದರ ಶಿಖರದ ಶಿಲುಬೆಯು ಲಂಡನ್ನಿನಲ್ಲಿ ಸಿದ್ಧವಾದುದು. ಅದನ್ನು ಮಾಡಿದ ಕಮ್ಮಟಗಾರನ ತಂದೆ ಆ ದಾಳಿಯಲ್ಲಿ ಪಾಲುಗೊಂಡಿದ್ದ ವೈಮಾನಿಕ.

ಸಖ್ಯಕ್ಕೂ ಮಿತಿಯುಂಟು. ಊರುಗಳು ರಾಷ್ಟ್ರಗಳ ನೆರಳಿನಿಂದ ಹೊರಗಿರಲಾರವು. ಸ್ಟಾಲಿನ್‌ಗ್ರಾಡಿಗೆ 1961ರಲ್ಲಿ ವೊಲ್ಗೊಗ್ರಾಡ್ ಎಂದು ಹೆಸರಾಯಿತು; ಶೀತಲ ಸಮರದ ದಶಕಗಳಲ್ಲಿಯೂ ಕವೆಂಟ್ರಿಯ ಸಖ್ಯವು ಕಡಿಯಲಿಲ್ಲ. ಆದರೆ 2022ರಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿದಾಗ ಕವೆಂಟ್ರಿಯ ನಗರಸಭೆಯು ಅದನ್ನು ತಡೆಹಿಡಿಯಿತು. ತಡೆಹಿಡಿಯುವುದು ಬೇರೆ, ಅಳಿಸುವುದು ಬೇರೆ. ಈ ವ್ಯತ್ಯಾಸವು ಉದ್ದೇಶಪೂರ್ವಕವಾದುದೆಂದು ತೋರುತ್ತದೆ.

ಅದೇ ಯುದ್ಧವು ಹೊಸ ಸಖ್ಯಗಳನ್ನೂ ಹುಟ್ಟಿಸಿದೆ. ಕೀವ್ ನಗರಕ್ಕೆ 1961ರಿಂದ ಸಖಿಯಾಗಿರುವ ಲೈಪ್ಸಿಗಿನಂತಹ ಹಳೆಯ ನಗರಗಳ ಜೊತೆಗೆ ಜರ್ಮನಿಯ ಅನೇಕ ಪುರಸಭೆಗಳು ಉಕ್ರೇನಿನ ಊರುಗಳ ಕೈ ಹಿಡಿದಿವೆ. ಹೋಗುವುದು ಹಣಕ್ಕಿಂತ ಹೆಚ್ಚಾಗಿ ಬೆಂಕಿ ಆರಿಸುವ ಬಂಡಿ, ಆಂಬ್ಯುಲೆನ್ಸು, ವಿದ್ಯುದುತ್ಪಾದಕ ಯಂತ್ರ: ಪುರಸಭೆಯೊಂದರ ಉಗ್ರಾಣದಲ್ಲಿ ಇರತಕ್ಕ, ಮತ್ತೊಂದು ಪುರಸಭೆಗೆ ಮಾತ್ರ ಅಗತ್ಯವು ಥಟ್ಟನೆ ಅರ್ಥವಾಗತಕ್ಕ ವಸ್ತುಗಳು. 2022ರ ಏಪ್ರಿಲಿನಲ್ಲಿ ಮಿಕೊಲಾಯಿವ್ ನಗರಕ್ಕೆ ನೀರು ತರುವ ಕೊಳವೆಯು ಯುದ್ಧದಲ್ಲಿ ಒಡೆದು, ಮುಂದೆ ಅಲ್ಲಿಯ ನಲ್ಲಿಗಳಲ್ಲಿ ಉಪ್ಪುನೀರು ಹರಿಯತೊಡಗಿತು. ಅದರೊಡನೆ ಸಖ್ಯ ಮಾಡಿಕೊಂಡ ಜರ್ಮನ್ ನಗರವು, 1947ರಲ್ಲಿ ಬ್ರಿಸ್ಟಲಿನ ಮಕ್ಕಳ ಪಾದರಕ್ಷೆಗಳನ್ನು ಪಡೆದಿದ್ದ ಹ್ಯಾನೋವರ್.